ಲೋಡು ತೂಗಿದರೆ

ಎಮಿಲ್ಡಾಳನ್ನು ಹಾಸಿಗೆಯಿಂದ ಎತ್ತುವುದಕ್ಕೆ ಇಬ್ಬರು ಬೇಕು. ಇದು ಲಂಡನ್ನಿನ ಕೌನ್ಸಿಲಿನವರ, ಎಂದರೆ ಅಲ್ಲಿನ ನಗರಸಭೆಯವರ, ನಿಯಮ. ಆ ದಿನ ಒಬ್ಬಳು ಹೊತ್ತಿಗೆ ಸರಿಯಾಗಿ ಬಂದು, ಕೈ ತೊಳೆದು, ಏಪ್ರನ್ ಕಟ್ಟಿಕೊಂಡು ನಿಂತಿದ್ದಳು. ಇನ್ನೊಬ್ಬಳು ಬಸ್ಸಿನಲ್ಲಿ ಸಿಕ್ಕಿಬಿದ್ದಿದ್ದಳು. ಹೌನ್ಸ್ಲೋದಲ್ಲಿ ಎಲ್ಲೋ ರಸ್ತೆ ಅಗೆದಿದ್ದಾರಂತೆ. ಅಗೆಯದ ದಿನ ಯಾವುದು ಎಂದು ಎಮಿಲ್ಡಾಳ ಗಂಡ ಸ್ಟ್ಯಾನಿಸ್ಲಾಸ ಗೊಣಗಿದ. ಜೀವಮಾನವಿಡೀ ಅಗೆಯುವವರ ಜೊತೆ ಕೂತು ಅನ್ನ ತಿಂದವನಿಗೆ ಹಾಗೆ ಗೊಣಗುವ ಹಕ್ಕಿರಲಿಲ್ಲ. ಆದರೂ ಗೊಣಗಿದ.

ಬಂದು ನಿಂತಿದ್ದವಳು ರತ್ನವ್ವ, ಗದಗಿನ ಕಡೆಯವಳು, ನಲವತ್ತು ದಾಟಿದ ಹೆಂಗಸು. ಕೇರರ್ ವೀಸಾದ ಮೇಲೆ ಬಂದವಳು. ಏಜೆನ್ಸಿಯವರು ಹೇಳಿದ ಮನೆಗಳಿಗೆ ಹೋಗಿ, ಹಾಸಿಗೆ ಹಿಡಿದವರನ್ನು ತೊಳೆದು, ಉಡಿಸಿ, ಎತ್ತಿ ಕೂರಿಸುವುದು ಅವಳ ಕೆಲಸ. ಇವನ ಮಂಗಳೂರು ಕನ್ನಡ ಅವಳಿಗೂ ಅವಳ ಗದಗಿನ ಕನ್ನಡ ಇವನಿಗೂ ಮೊದಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ಈಗ ಜಗಳವಾಡುವಷ್ಟು ತಿಳಿಯುತ್ತದೆ.

ಅವತ್ತು ಜಗಳಕ್ಕೆ ಕಾರಣವೂ ಇತ್ತು. ಅವತ್ತು ತೆನೆ ಹಬ್ಬ. ಮಾತೆ ಮರಿಯಮ್ಮನ ಹುಟ್ಟಿದ ದಿನ, ಕರಾವಳಿಯ ಕ್ರಿಸ್ತುವರಿಗೆ ಹೊಸ ಅಕ್ಕಿಯ ಊಟ. ಊರಿನಿಂದ ವಿಮಾನದಲ್ಲಿ ಬಂದ ಯಾರದೋ ಸೂಟ್‌ಕೇಸಿನಲ್ಲಿ ಅಡಗಿ ಬಂದ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಗೊಂದರಂತೆ ಹಂಚಿದ್ದರು. ಆ ತೆನೆಯ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಬೆರೆಸಿ, ಮನೆಯವರೆಲ್ಲ ಒಂದೇ ಮೇಜಿಗೆ ಕೂತು ಉಣ್ಣಬೇಕು. ಒಬ್ಬರು ತಪ್ಪಿದರೂ ಹಬ್ಬ ಅರ್ಧವೇ. ಬೆಂಡೆಕಾಯಿ, ಅಲಸಂಡೆ, ಹೀರೆಕಾಯಿ ಎಲ್ಲ ಸ್ಟ್ಯಾನಿಸ್ಲಾಸ ಬೆಳಿಗ್ಗೆಯೇ ಬೇಯಿಸಿಟ್ಟಿದ್ದ. ಮಧ್ಯಾಹ್ನಕ್ಕೆ ಮಗ ಮಾರ್ಕ್, ಸೊಸೆ ಸಾರಾ ಅಕ್ಸ್‌ಬ್ರಿಡ್ಜ್‌ನಿಂದ ಬರುವವರಿದ್ದರು.

ಆ ಮಗನಿಗೆ ತೋರಿಸಬೇಕಿತ್ತು, ಅಮ್ಮ ಮೇಜಿನಲ್ಲಿ ಕೂತು ಉಣ್ಣುವುದನ್ನು.

ಕಳೆದ ಚಳಿಗಾಲದಲ್ಲಿ ಎಮಿಲ್ಡಾಳಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಹೋದವು, ಮಾತು ಮುಕ್ಕಾಲು ಹೋಯಿತು. ಮುಂದಿನ ಕೋಣೆಯಲ್ಲಿ ಸೋಫಾ ಇದ್ದ ಜಾಗಕ್ಕೆ ಆಸ್ಪತ್ರೆಯ ಮಂಚ ಬಂತು, ಅದರ ಪಕ್ಕಕ್ಕೆ ಹಾಯ್ಸ್ಟ್ ಬಂತು. ಹಾಯ್ಸ್ಟ್ ಎಂದರೆ ಚಕ್ರದ ಮೇಲೆ ನಿಂತ ಗಿಡ್ಡ ಕ್ರೇನು. ಮಲಗಿದವರ ಬೆನ್ನಡಿಗೆ ಬಟ್ಟೆಯ ಜೋಲಿ ತೂರಿಸಿ, ಅದರ ಕುಣಿಕೆಗಳನ್ನು ಕೊಕ್ಕೆಗೆ ಹಾಕಿ, ಗುಂಡಿ ಒತ್ತಿದರೆ ಎತ್ತುತ್ತದೆ. ಮಾರ್ಕ್ ಅಕ್ಸ್‌ಬ್ರಿಡ್ಜ್‌ನಲ್ಲಿ ಒಂದು ನರ್ಸಿಂಗ್ ಹೋಮ್ ನೋಡಿಟ್ಟಿದ್ದ. ಒಳ್ಳೆಯ ಜಾಗವೇ. ಮಗನೂ ಕೆಟ್ಟವನಲ್ಲ, ಅಪ್ಪನ ಸೋತ ಮುಖ ನೋಡಲಾರದೆ ಹೇಳುತ್ತಿದ್ದ. ಮುಂದಿನ ವಾರ ಕೌನ್ಸಿಲಿನ ಹೆಂಗಸು ಬಂದು, ಈ ಮನೆಯಲ್ಲಿ ಎಮಿಲ್ಡಾಳನ್ನು ನೋಡಿಕೊಳ್ಳಲು ಸಾಧ್ಯವೋ ಇಲ್ಲವೋ ಎಂದು ತೀರ್ಮಾನ ಮಾಡುವವಳಿದ್ದಳು. ಅಷ್ಟರೊಳಗೆ ಮಗನ ಬಾಯಿ ಮುಚ್ಚಿಸಿದರೆ ಅರ್ಧ ಗೆದ್ದ ಹಾಗೆ ಎಂದು ಸ್ಟ್ಯಾನಿಸ್ಲಾಸನ ಲೆಕ್ಕ. ಎಮಿಲ್ಡಾಳನ್ನು ಕಳಿಸುವುದೆಂದರೆ ಅವನಿಗೆ ಮಾತಿಗೆ ತಪ್ಪುವುದು.

ಆ ಮಾತು ಏನೆಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಎಪ್ಪತ್ತು ತುಂಬಿದ ಸ್ಟ್ಯಾನಿಸ್ಲಾಸ ಬದುಕಿನಲ್ಲಿ ಮಾಡಿದ್ದು ಒಂದೇ ಕೆಲಸ, ಭಾರ ಎತ್ತಿಸುವುದು. ಎತ್ತುವುದು ಕ್ರೇನು. ಹಗ್ಗ ಎಲ್ಲಿ ಬಿಗಿಯಬೇಕು, ಕೊಕ್ಕೆ ಎಲ್ಲಿ ಹಾಕಬೇಕು, ಎಷ್ಟು ಎತ್ತಬೇಕು, ಎಲ್ಲಿ ಇಳಿಸಬೇಕು ಎಂದು ಕೆಳಗೆ ನಿಂತು ಕೈಸನ್ನೆಯಲ್ಲಿ ಹೇಳುವವನು ಇವನು. ಕಾಗದಪತ್ರದಲ್ಲಿ ರಿಗ್ಗರ್, ಊರಿನವರ ಬಾಯಲ್ಲಿ ಖಲಾಸಿ. ಪಣಂಬೂರಿನ ಬಂದರಿನ ಬಳಿ ಕಾರ್ಖಾನೆ ಏಳುತ್ತಿದ್ದಾಗ ಕೇರಳದ ಬೇಪೂರಿನ ಒಬ್ಬ ಮುದುಕ ಖಲಾಸಿಯ ಕೈಕೆಳಗೆ ಕಲಿತ. ಆ ಮುದುಕ ಕಲಿಸಿದ ಮೊದಲ ಪಾಠ ಕಾಲಿಗೆ, ಕೈಗಲ್ಲ. ಲೋಡು ಅತ್ತಿತ್ತ ತೂಗಿದರೆ ಹಿಂದೆ ಸರಿ. ಎಷ್ಟೇ ಬೆಲೆಬಾಳುವುದಿರಲಿ, ಹಿಡಿಯಲು ಹೋಗಬೇಡ. ಕಬ್ಬಿಣ ಬಿದ್ದರೆ ಇನ್ನೊಂದು ಬರುತ್ತದೆ. ಮುದುಕ ಇದನ್ನು ಬರೀ ಬಾಯಲ್ಲಿ ಹೇಳಲಿಲ್ಲ. ತೂಗುವ ಮರದ ದಿಮ್ಮಿಯ ಎದುರು ನಿಲ್ಲಿಸಿ, ಹಿಂದೆ ಸರಿಯಲು ತಡವಾದರೆ ಮೊಣಕಾಲಿಗೆ ಬೆತ್ತದಲ್ಲಿ ಬಿಡುತ್ತಿದ್ದ. ಕೊನೆಗೆ ತಲೆಗೆ ತಿಳಿಯುವ ಮೊದಲೇ ಕಾಲಿಗೆ ತಿಳಿಯುತ್ತಿತ್ತು.

ಮುಂದೆ ಕೆಲಸಕ್ಕೆ ಹೋದ ಕುವೈತಿನಲ್ಲಿ ಒಬ್ಬ ಫಿಲಿಪಿನೋ, ಒಳ್ಳೆಯ ಕೆಲಸಗಾರ, ತೂಗುತ್ತಿದ್ದ ಪೈಪಿಗೆ ಕೈ ಅಡ್ಡ ಕೊಟ್ಟ. ಮಧ್ಯಾಹ್ನ ಊಟಕ್ಕೆ ಅವನ ಜಾಗ ಖಾಲಿ ಇತ್ತು. ಬೆತ್ತದ ಮುದುಕನಿಗೆ ಸ್ಟ್ಯಾನಿಸ್ಲಾಸ ಆವತ್ತು ಮನಸ್ಸಿನಲ್ಲೇ ನಮಸ್ಕರಿಸಿದ. ಆಮೇಲೆ ಬಹರೈನ್, ಜುಬೈಲ್, ಮತ್ತೆ ಕುವೈತ್. ಎಣ್ಣೆ ಶುದ್ಧ ಮಾಡುವ ಗೋಪುರಗಳು, ಬಾಯ್ಲರುಗಳು, ಮಸೀದಿಯಷ್ಟು ದೊಡ್ಡ ಟ್ಯಾಂಕುಗಳು. ಅವನು ನಿಲ್ಲಿಸಿದ್ದೆಲ್ಲ ನಿಂತಲ್ಲೇ ನಿಂತಿತು, ಅವನು ಮಾತ್ರ ಎಲ್ಲೂ ನಿಲ್ಲಲಿಲ್ಲ.

ಇತ್ತ ಎಮಿಲ್ಡಾ ಮಂಗಳೂರಿನಲ್ಲಿ ನರ್ಸು. ಅವನು ಎತ್ತಿದ್ದು ಕಬ್ಬಿಣ, ಅವಳು ಎತ್ತಿದ್ದು ಮನುಷ್ಯರನ್ನು. ಮಗನನ್ನು ಹೆತ್ತಿದ್ದು, ಸಾಕಿದ್ದು, ಅತ್ತೆಯನ್ನು ಮಣ್ಣು ಮಾಡಿದ್ದು ಎಲ್ಲ ಒಬ್ಬಳೇ. ತೆನೆ ಹಬ್ಬ ಬಂದರೆ ನಾಲ್ಕು ಕಾಳು ಕಾಗದದೊಳಗೆ ಮಡಚಿ ಕುವೈತಿಗೆ ಕಳಿಸುತ್ತಿದ್ದಳು. ಅವನು ಕ್ಯಾಂಪಿನ ಬಂಕಿನ ಮೇಲೆ ಕೂತು ಅದನ್ನು ಅಗಿದು ನುಂಗುತ್ತಿದ್ದ. ಅದೇ ಅವನ ಹಬ್ಬ. ರಜೆ ಮುಗಿದು ಹೊರಟಾಗ ಅವಳು ಬಜ್ಪೆ ವಿಮಾನ ನಿಲ್ದಾಣದಲ್ಲಿ ಅತ್ತದ್ದನ್ನು ಅವನು ಕಂಡಿಲ್ಲ. ಹೋಗಿ ಬನ್ನಿ ಎನ್ನುತ್ತಿದ್ದಳು, ಅಷ್ಟೇ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸವಾದ ಮೇಲೆ, ಗಲ್ಫ್ ಬಿಟ್ಟು ಅವಳ ಹಿಂದೆ ಬಂದ. ಇಳಿದ ದಿನವೇ, ಯಾರೂ ಕೇಳದಿದ್ದರೂ, ಇನ್ನು ನಿನ್ನನ್ನು ಬಿಟ್ಟು ಬೇರೆ ಸೂರಿನಡಿ ಮಲಗುವುದಿಲ್ಲ ಎಂದು ಹೇಳಿದ. ಇದೇ ಆ ಮಾತು.

ಇಲ್ಲಿಯೂ ಬಿಡದೆ ದುಡಿದ. ವಿಮಾನ ನಿಲ್ದಾಣದ ಚಾವಣಿಯ ತೊಲೆಗಳು, ರೈಲು ಸುರಂಗದ ಬಾವಿಗೆ ಇಳಿಸಿದ ಯಂತ್ರಗಳು, ಥೇಮ್ಸ್ ದಂಡೆಯ ಚರಂಡಿ ಸುರಂಗ. ಮಳೆ, ಚಳಿ, ಬೆಳಗಾಗುವ ಮೊದಲಿನ ಬಸ್ಸು. ಆದರೆ ರಾತ್ರಿಗೆ ಮನೆ. ಬಲ ಭುಜ ಸವೆದು ಕೈ ತಲೆಯಿಂದ ಮೇಲೆ ಹೋಗದೆ ಆದ ಮೇಲೆ ಕೆಲಸ ಬಿಟ್ಟ. ಕೈ ಎತ್ತಲಾಗದವನು ಕೈಸನ್ನೆ ಹೇಗೆ ಮಾಡಿಯಾನು?

ಆ ಕೈಸನ್ನೆಗಳಲ್ಲಿ ಒಂದು ಮಾತ್ರ ಮನೆಯೊಳಗೂ ಬಂದಿತ್ತು. ಸೈಟಿನಲ್ಲಿ ಕ್ರೇನಿಗೆ ಸನ್ನೆ ಕೊಡುವವನು ಒಬ್ಬನೇ, ಇಬ್ಬರು ಕೊಟ್ಟರೆ ಎತ್ತು ಏರಿಗೆ ಕೋಣ ನೀರಿಗೆ. ಆದರೆ ನಿಲ್ಲಿಸು ಎಂಬ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು, ಚಾ ತರುವವನೂ ಕೊಡಬಹುದು. ಅಂಗೈ ಮುಂದೆ ಮಾಡಿ ಕೈ ಎತ್ತಿದರೆ ಮುಗಿಯಿತು. ಯಾಕೆ ಎಂದು ಆಮೇಲೆ ಕೇಳಬಹುದು, ಮೊದಲು ನಿಲ್ಲಿಸಬೇಕು. ರಜೆಯಲ್ಲಿ ಬಂದವನು ಊಟದ ಹೊತ್ತಿಗೆ ಕುವೈತಿನ ಪುರಾಣ ಬಿಚ್ಚಿದರೆ ಎಮಿಲ್ಡಾ ಸೌಟು ಕೆಳಗಿಟ್ಟು ಅಂಗೈ ಎತ್ತುತ್ತಿದ್ದಳು. ಸ್ಟ್ಯಾನಿಸ್ಲಾಸ ಬಾಯಿ ತೆರೆದಲ್ಲಿಗೇ ನಿಲ್ಲಿಸುತ್ತಿದ್ದ. ಮಾರ್ಕ್ ಬಿದ್ದು ಬಿದ್ದು ನಗುತ್ತಿದ್ದ.

ಈಗ ತೆನೆ ಹಬ್ಬದ ಬೆಳಿಗ್ಗೆಗೆ ಬರೋಣ. ಇನ್ನೊಬ್ಬಳು ಬರುವ ಸುಳಿವಿಲ್ಲ. ರತ್ನವ್ವ ಎಮಿಲ್ಡಾಳನ್ನು ಮಲಗಿದಲ್ಲೇ ತೊಳೆದು, ಬೇರೆ ಬಟ್ಟೆ ಉಡಿಸಿ, ಜೋಲಿಯನ್ನು ಬೆನ್ನಡಿಗೆ ಹಾಸಿ ಸಿದ್ಧಮಾಡಿ ಕೂತಳು. ಅವಳು ಮುಂದೆ ಹೋಗಬೇಕಿದ್ದ ಮನೆಯಿಂದ ಫೋನಿನ ಮೇಲೆ ಫೋನು. ಎರಡನೆಯ ಆಳಾಗಿ ನಾನೇ ಇದ್ದೇನಲ್ಲ ಎಂದು ಸ್ಟ್ಯಾನಿಸ್ಲಾಸ ಹೇಳಿದ. ಅವಳು ಒಪ್ಪಲಿಲ್ಲ. ಟ್ರೈನಿಂಗ್ ಆದವರೇ ಬೇಕು, ಗೊತ್ತಾದರೆ ತನ್ನ ವೀಸಾಕ್ಕೆ ಕುತ್ತು ಎಂದಳು. ನಾನು ಎತ್ತಿಸಿದ ಒಂದೊಂದು ಬಾಯ್ಲರು ನಿನ್ನ ಗದಗಿನ ಬಸ್ ಸ್ಟ್ಯಾಂಡಿನಷ್ಟಿತ್ತು ಎಂದು ಅವನು ಏರಿದ ದನಿಯಲ್ಲಿ ಹೇಳಿದ.

ರತ್ನವ್ವ ಸಿಟ್ಟಾಗಲಿಲ್ಲ. "ಕಾಕಾರ, ನೀವು ಕಬ್ಣಾ ಎತ್ತೀರಿ, ಇಲ್ಲ ಅನ್ನಂಗಿಲ್ರಿ. ಆದ್ರ ಕಬ್ಣಕ್ಕ ಅಂಜಿಕಿ ಬರಂಗಿಲ್ಲ. ಅಮ್ಮಾರಿಗೆ ಬರತೈತಿ. ಅದಕ್ಕ ಒಬ್ರು ಗುಂಡಿ ಒತ್ತಬೇಕು, ಒಬ್ರು ಮೈ ಮುಟ್ಟಿ ಹಿಡಕೊಂಡಿರಬೇಕು. ಗಾಳ್ಯಾಗ ಇದ್ದಾಗ ಯಾರರ ಮುಟ್ಟಿರಬೇಕ್ರಿ."

ಆಗಲಿ, ಮಗ ಈಗ ಬರುತ್ತಾನೆ, ಅವನು ಬಂದ ಮೇಲೆ ನೋಡುವ, ನೀನು ಹೋಗು ಎಂದು ಅವನು ಅವಳನ್ನು ಸಾಗಹಾಕಿದ. ಅವಳು ಬಾಗಿಲಲ್ಲಿ ತಿರುಗಿ, ಒಬ್ಬರೇ ಮುಟ್ಟಬೇಡಿ ಎಂದು ಮತ್ತೊಮ್ಮೆ ಹೇಳಿಯೇ ಹೋದಳು. ಮಾರ್ಕ್ ಬರಲು ಇನ್ನೂ ಬಹಳ ಹೊತ್ತಿತ್ತು. ಅವನ ಕೈಯಲ್ಲಿ ಅಮ್ಮನನ್ನು ಎತ್ತಿಸಿದರೆ ತೋರಿಸುವುದಕ್ಕೆ ಉಳಿಯುವುದಾದರೂ ಏನು? ಒಬ್ಬಂಟಿಯಾಗಿ ಲೋಡು ಎತ್ತಿದವನನ್ನು ಇದೇ ಸ್ಟ್ಯಾನಿಸ್ಲಾಸ ಹಿಂದೆ ಸೈಟಿನಿಂದಲೇ ಹೊರಗೆ ಕಳಿಸಿದ್ದುಂಟು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಆದರೆ ಕಾಟಾಚಾರದ ಕೆಲಸ ಅವನಿಗೆ ಗೊತ್ತಿರಲಿಲ್ಲ. ಜೋಲಿಯ ಹೊಲಿಗೆಯನ್ನು ಬೆರಳಲ್ಲಿ ಸವರಿ ನೋಡಿದ. ಕುಣಿಕೆಗಳನ್ನು ಹಾಕಿ, ಎಳೆದು, ಮತ್ತೆ ಎಳೆದ. ಗಾಲಿಕುರ್ಚಿಯನ್ನು ಮಂಚದಿಂದ ಸ್ವಲ್ಪ ದೂರದಲ್ಲಿ ನಿಲ್ಲಿಸಿ ಬ್ರೇಕ್ ಹಾಕಿದ. ದಾರಿಯಲ್ಲಿದ್ದ ಚಪ್ಪಲಿ ತೆಗೆದ. ಎಲ್ಲ ಸರಿಯಾಗಿತ್ತು. ಎಮಿಲ್ಡಾಳನ್ನು ಕೇಳುವುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅಷ್ಟು ವರ್ಷ ಲೋಡನ್ನು ಕೇಳಿ ಎತ್ತಿದವನಲ್ಲ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ಗುಂಡಿ ಒತ್ತಿದ. ಜೋಲಿ ಬಿಗಿಯಿತು, ಎಮಿಲ್ಡಾ ಹಾಸಿಗೆಯಿಂದ ಎದ್ದಳು. ತೂಕ ಸಮನಾಗಿತ್ತು, ಎಲ್ಲೂ ವಾಲಲಿಲ್ಲ. ಅವನಿಗೆ ಒಂದು ಕ್ಷಣ ಹಳೆಯ ಸಂತೋಷವೇ ಆಯಿತು. ಆಮೇಲೆ ಹಾಯ್ಸ್ಟನ್ನು ಕುರ್ಚಿಯ ಕಡೆ ಎಳೆಯಬೇಕಾಯಿತು. ಎಮಿಲ್ಡಾ ಆಸೆಪಟ್ಟು ಹಾಕಿಸಿದ್ದ ದಪ್ಪ ಕಾರ್ಪೆಟ್ಟಿನಲ್ಲಿ ಚಕ್ರ ಹೂತು ಕೂತಿತು. ಎಳೆದ, ಬರಲಿಲ್ಲ. ಭುಜ ಕೊಟ್ಟು ಜೋರಾಗಿ ಎಳೆದ. ಭುಜದೊಳಗೆ ಏನೋ ಕಿತ್ತು ಹೋದ ಹಾಗಾಗಿ ಕೈ ಬಿಟ್ಟುಹೋಯಿತು. ಅಷ್ಟರಲ್ಲಿ ಚಕ್ರ ಒಮ್ಮೆಲೇ ಕಿತ್ತುಕೊಂಡು ಬಂದು ನಿಂತಿತು, ಎಮಿಲ್ಡಾ ಜೋಲಿಯಲ್ಲಿ ಅತ್ತಿತ್ತ ತೂಗತೊಡಗಿದಳು.

ಸ್ಟ್ಯಾನಿಸ್ಲಾಸ ಹಿಂದೆ ಸರಿದ.

ಒಂದಲ್ಲ, ಎರಡು ಹೆಜ್ಜೆ. ಬೆನ್ನು ಕಿಟಕಿಗೆ ತಾಗುವ ತನಕ. ಕೈಗಳನ್ನು ಮೈಗೆ ಒತ್ತಿ, ಗಲ್ಲ ತಗ್ಗಿಸಿ, ಕಲಿತ ಹಾಗೆಯೇ ಅಚ್ಚುಕಟ್ಟಾಗಿ ಸರಿದು ನಿಂತ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಬೆತ್ತದಲ್ಲಿ ಹೊಡೆದು ಕೂರಿಸಿದ್ದು. ಅವನ ಹೆಂಡತಿ ಗಾಳಿಯಲ್ಲಿ ತೂಗುತ್ತಿದ್ದಳು, ಅವಳ ಸತ್ತ ಕಾಲು ಹಾಯ್ಸ್ಟಿನ ಕಂಬಕ್ಕೆ ಬಡಿಯಿತು, ಅವನು ಕಿಟಕಿಯ ಬಳಿ ನಿಂತು ಲೋಡು ನಿಲ್ಲುವುದನ್ನು ಕಾಯುತ್ತಿದ್ದ. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು, ಆದರೆ ಆ ಕಣ್ಣು ನೋಡುತ್ತಿದ್ದದ್ದು ಕಂಬವನ್ನಲ್ಲ, ಅವನ ಕಾಲನ್ನು.

ಆಮೇಲೆ ಅವಳ ಎಡಗೈ ಎದ್ದಿತು. ಅಂಗೈ ಮುಂದೆ.

ನಿಲ್ಲಿಸು.

ಆಗಲೇ ಅವನಿಗೆ ಮೈಮೇಲೆ ಎಚ್ಚರ ಬಂದದ್ದು. ಓಡಿಹೋಗಿ ಹಿಡಿದುಕೊಂಡ. ಹಾಯ್ಸ್ಟನ್ನು ಎದೆಯಿಂದ ನೂಕಿ, ಎಡಗೈಯಲ್ಲಿ ಅವಳ ಸೊಂಟ ತಬ್ಬಿಕೊಂಡು, ಹೇಗೋ ಹಾಸಿಗೆಯ ಮೇಲಕ್ಕೆ ತಂದು ಇಳಿಸಿದ. ಅವಳ ಮೊಣಕಾಲಿನ ಕೆಳಗೆ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಒದ್ದೆ ಬಟ್ಟೆ ತಂದು ಒರೆಸುತ್ತ ಮಂಚದ ಪಕ್ಕ ನೆಲದ ಮೇಲೆ ಕೂತುಬಿಟ್ಟ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ದಣಿವು. ಪಣಂಬೂರಿನಿಂದ ಇಲ್ಲಿಯ ತನಕ ಹೊತ್ತು ತಂದ ದಣಿವೆಲ್ಲ ಆ ಕಾರ್ಪೆಟ್ಟಿನ ಮೇಲೆ ಒಟ್ಟಿಗೆ ಬಂದು ಕೂತ ಹಾಗಿತ್ತು.

"ನಾನು ಹಿಂದೆ ಸರಿದೆ," ಎಂದ ಕೊಂಕಣಿಯಲ್ಲಿ.

"ನೋಡಿದೆ," ಎಂದಳು ಎಮಿಲ್ಡಾ.

ಎಡಗೈಯಿಂದ ಅವನ ತಲೆ ಮುಟ್ಟಿದಳು. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಸೇದಿ ಸೇದಿ ಹೇಳಿದಳು. "ಅಭ್ಯಾಸ. ನಿಮ್ಮ ತಪ್ಪಲ್ಲ." ಆ ಅಭ್ಯಾಸ ಎಂಬುದರೊಳಗೆ ಕುವೈತ್ ಇತ್ತು, ಬಜ್ಪೆ ಇತ್ತು, ಕಾಗದದೊಳಗೆ ಮಡಚಿದ ಕಾಳುಗಳಿದ್ದವು. ಅವಳು ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಅವನಿಗೆ ಹೆಚ್ಚು ಚುಚ್ಚಿತು.

"ಸಾಕು, ಮಾರ್ಕನ ಪಪ್ಪಾ. ನನ್ನನ್ನು ಮಗ ಹೇಳಿದಲ್ಲಿಗೆ ಬಿಡಿ. ನಿಮಗೆ ಆಗುವುದಿಲ್ಲ."

ಆಗುತ್ತದೆ ಎನ್ನಲು ಅವನು ಬಾಯಿ ತೆರೆದ. ಎಡಗೈ ಮತ್ತೆ ಎದ್ದಿತು. ಬಾಯಿ ತೆರೆದಲ್ಲಿಗೇ ನಿಂತಿತು. ನಗಲು ಮಾರ್ಕ್ ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಮಾರ್ಕ್, ಸಾರಾ ಬಂದಾಗ ಸ್ಟ್ಯಾನಿಸ್ಲಾಸ ಮೇಜು ಹಾಕಿರಲಿಲ್ಲ. ತಟ್ಟೆಗಳನ್ನೆಲ್ಲ ಮುಂದಿನ ಕೋಣೆಗೇ ತಂದಿದ್ದ. ಅಮ್ಮನ ಕಾಲಿನ ಬ್ಯಾಂಡೇಜು ನೋಡಿ ಮಾರ್ಕನ ಮುಖ ಕೆಂಪೇರಿತು. ಇಂಗ್ಲಿಷಿನಲ್ಲಿ ಏನೋ ಶುರುಮಾಡಿದವನನ್ನು ಸಾರಾ ತೋಳು ಹಿಡಿದು ತಡೆದಳು. ಸ್ಟ್ಯಾನಿಸ್ಲಾಸ ನಡೆದದ್ದನ್ನು ಏನೂ ಮುಚ್ಚಿಡದೆ ಹೇಳಿದ, ತಾನು ಹಿಂದೆ ಸರಿದದ್ದನ್ನೂ ಹೇಳಿದ. ಆಮೇಲೆ, ನೀನು ನೋಡಿಟ್ಟ ಜಾಗಕ್ಕೆ ಹೋಗುವ ಎಂದ. ಮಾರ್ಕ್ ಜಗಳಕ್ಕೆ ಸಿದ್ಧನಾಗಿ ಬಂದಿದ್ದವನು, ಜಗಳವಿಲ್ಲದೆ ಗೆದ್ದು ಏನು ಮಾಡಬೇಕೆಂದು ತಿಳಿಯದೆ ಕಣ್ಣೊರೆಸಿಕೊಂಡ.

"ಪಪ್ಪಾ, ಆರ್ ಯು ಶೂರ್?" ಎಂದು ಕೇಳಿದ.

"ನಾನಲ್ಲ ಹೇಳಿದ್ದು. ಸ್ಟಾಪ್ ಕೊಟ್ಟದ್ದು ಅವಳು," ಎಂದ ಸ್ಟ್ಯಾನಿಸ್ಲಾಸ.

ಹಾಸಿಗೆಯ ಸುತ್ತ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಹೊಸ ಅಕ್ಕಿ ಉಂಡರು. ಪಾಯಸದ ಮೊದಲ ಚಮಚವನ್ನು ಸ್ಟ್ಯಾನಿಸ್ಲಾಸ ಎಡಗೈಯಲ್ಲಿ ಎಮಿಲ್ಡಾಳ ಬಾಯಿಗಿಟ್ಟ. ಅಲಸಂಡೆಗೆ ಉಪ್ಪು ಜಾಸ್ತಿ ಎಂದು ಅವಳು ಮುಖದಲ್ಲೇ ಹೇಳಿದಳು. ಮೇಜು ಇಲ್ಲದಿದ್ದರೂ ಯಾರೂ ತಪ್ಪಿರಲಿಲ್ಲ.

ಎಲೆ ಉದುರುವ ಹೊತ್ತಿಗೆ ಎಮಿಲ್ಡಾ ಅಕ್ಸ್‌ಬ್ರಿಡ್ಜ್‌ಗೆ ಹೋದಳು. ರತ್ನವ್ವ ಕೊನೆಯ ದಿನ ಬಂದು ಅವಳ ತಲೆ ಬಾಚಿ ಜಡೆ ಹಾಕಿ, ಹೊರಗೆ ಹೋಗಿ ಅತ್ತು ಬಂದಳು. ಸ್ಟ್ಯಾನಿಸ್ಲಾಸ ದಿನವೂ ಬಸ್ಸಿನಲ್ಲಿ ಹೋಗಿ, ಊಟದಿಂದ ಸಂಜೆಯ ಚಹಾದ ತನಕ ಅವಳ ಬಳಿ ಕೂತು, ಕತ್ತಲಾಗುವ ಮೊದಲು ಹಿಂದೆ ಬರುತ್ತಿದ್ದ. ಬೇರೆ ಸೂರಿನಡಿಯ ಮೊದಲ ರಾತ್ರಿಗಳಲ್ಲಿ ನಿದ್ದೆ ಬರಲಿಲ್ಲ. ಆಮೇಲೆ ಬರತೊಡಗಿತು, ಯಾಕೆಂದರೆ ಮೈ ಅಷ್ಟು ಸೋತಿತ್ತು. ನಿದ್ದೆ ಬಂದದ್ದಕ್ಕೂ ಅವನಿಗೆ ಬೇಸರವಾಯಿತು.

ಅಲ್ಲಿ ಎತ್ತುವವರು ಇಬ್ಬರು ಹುಡುಗಿಯರು, ಹೊತ್ತಿಗೆ ಸರಿಯಾಗಿ ಇಬ್ಬರೂ ಬರುತ್ತಿದ್ದರು. ಅವರು ಎತ್ತುವಾಗ ಸ್ಟ್ಯಾನಿಸ್ಲಾಸ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಒಬ್ಬಳು ಗುಂಡಿ, ಒಬ್ಬಳು ಮೈ. ಕೆಲಸ ಚೆನ್ನಾಗಿಯೇ ಗೊತ್ತಿತ್ತು ಅವರಿಗೆ. ಒಂದು ಮಧ್ಯಾಹ್ನ ಎಮಿಲ್ಡಾ ಗಾಳಿಯಲ್ಲಿರುವಾಗ ಜೋಲಿ ಕೊಂಚ ಸರಿದು ಅವಳು ಒಂದು ಮಗ್ಗುಲಿಗೆ ತೂಗಿದಳು. ಹುಡುಗಿ ಹಿಡಿದೇ ಇದ್ದಳು, ಅಪಾಯವೇನೂ ಇರಲಿಲ್ಲ. ಆದರೆ ಅಷ್ಟರಲ್ಲಿ ಸ್ಟ್ಯಾನಿಸ್ಲಾಸ ಗೋಡೆ ಬಿಟ್ಟು ಬಂದಾಗಿತ್ತು. ಹೇಗೆ ಬಂದನೋ ಅವನಿಗೇ ತಿಳಿಯದು. ಅವನ ಎರಡೂ ಅಂಗೈ ಅವಳ ಕಾಲಿನ ಮೇಲಿದ್ದವು, ಆ ಸುಲಿದ ಗಾಯ ಮಾಯ್ದ ಜಾಗದಲ್ಲಿ.

ದಯವಿಟ್ಟು ಹಿಂದೆ ನಿಲ್ಲಿ ಸರ್, ನಿಮಗೆ ಪೆಟ್ಟಾದೀತು ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಅದು ಅಲ್ಲಿನ ನಿಯಮ, ಸರಿಯಾದ ನಿಯಮವೇ. ಸ್ಟ್ಯಾನಿಸ್ಲಾಸ ಕೈ ತೆಗೆದು ಗೋಡೆಯ ಬಳಿಗೆ ಹೋಗಿ ನಿಂತ. ಎಮಿಲ್ಡಾಳನ್ನು ಕುರ್ಚಿಗೆ ಇಳಿಸಿ, ಜೋಲಿ ಬಿಡಿಸಿ, ಹುಡುಗಿಯರು ಹಾಯ್ಸ್ಟ್ ಉರುಳಿಸಿಕೊಂಡು ಮುಂದಿನ ಕೋಣೆಗೆ ಹೋದರು.

ಅವನು ಬಂದು ಅವಳ ಕಾಲ ಮೇಲೆ ಹೊದಿಕೆ ಸರಿಮಾಡಿದ. ಅವಳು ಅವನ ಮುಖ ನೋಡಲಿಲ್ಲ, ಬೂಟು ಹಾಕಿದ ಅವನ ಕಾಲುಗಳನ್ನೇ ನೋಡುತ್ತಿದ್ದಳು.

"ನೋಡಿದೆ," ಎಂದಳು.

ಸ್ಟ್ಯಾನಿಸ್ಲಾಸ ಕುರ್ಚಿ ಎಳೆದು ಅವಳ ಪಕ್ಕ ಕೂತ. ಚಹಾ ಬರಲು ಇನ್ನೂ ಹೊತ್ತಿತ್ತು.